ಅವಧಿಗೆ ಮುನ್ನ ಸ್ವಯಂ ನಿವೃತ್ತಿ: ಕಾರ್ಖಾನೆ, ಕಂಪನಿ ಹಾಗೂ ಸಾರ್ವಜನಿಕ ಉದ್ಯಮಗಳ ನೌಕರರಿಗೆ ಮಾಹಿತಿ

ಕಾರ್ಖಾನೆಗಳು, ಖಾಸಗಿ ಕಂಪನಿಗಳು ಹಾಗೂ ಸಾರ್ವಜನಿಕ ವಲಯದ ಉದ್ಯಮಗಳಲ್ಲಿ ಸೇವೆ ಸಲ್ಲಿಸುತ್ತಿರುವ ನೌಕರರು ನಿವೃತ್ತಿ ವಯಸ್ಸಿಗೆ ಮುನ್ನವೇ ಸ್ವಇಚ್ಛೆಯಿಂದ ಕೆಲಸ ಬಿಡಲು ಬಯಸಿದಲ್ಲಿ ಅವರಿಗೆ ಯಾವ ಯಾವ ಹಣ ದೊರೆಯುತ್ತದೆ, ಅದು ಯಾವ ವಯಸ್ಸಿನಲ್ಲಿ ಕೈಸೇರುತ್ತದೆ ಮತ್ತು ಅದಕ್ಕಾಗಿ ಸಲ್ಲಿಸಬೇಕಾದ ಅರ್ಜಿಗಳು ಯಾವುವು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ. ರಾಜ್ಯ ಸರ್ಕಾರಿ ನೌಕರರ ಸ್ವಯಂ ನಿವೃತ್ತಿಯು ಕರ್ನಾಟಕ ನಾಗರಿಕ ಸೇವಾ ನಿಯಮಗಳಿಗೆ ಒಳಪಟ್ಟಿದ್ದು, ಅದು ಈ ಪುಟದ ವ್ಯಾಪ್ತಿಗೆ ಬರುವುದಿಲ್ಲ.

ನಲವತ್ತು ಅಥವಾ ಐವತ್ತರ ವಯಸ್ಸಿನೊಳಗೆ ಸಾಕಷ್ಟು ಹಣ ಕೂಡಿಸಿ, ಸಂಬಳದ ಅವಲಂಬನೆಯಿಂದ ಬಿಡುಗಡೆ ಹೊಂದಬೇಕೆಂಬ ಅಪೇಕ್ಷೆ ಇತ್ತೀಚಿನ ವರ್ಷಗಳಲ್ಲಿ ನಗರಗಳ ನೌಕರರಲ್ಲಿ ಹೆಚ್ಚುತ್ತಿದೆ. ಇಂತಹವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಎಷ್ಟು ಹಣ ಬೇಕು ಎಂಬುದು. ಅಷ್ಟೇ ಮುಖ್ಯವಾದ ಮತ್ತೊಂದು ಪ್ರಶ್ನೆಯೆಂದರೆ ಆ ಹಣ ಯಾವಾಗ ಕೈಗೆ ಬರುತ್ತದೆ ಎಂಬುದು. ನಮ್ಮ ದೇಶದ ಉಳಿತಾಯ ಹಾಗೂ ಪಿಂಚಣಿ ಯೋಜನೆಗಳಲ್ಲಿ ಹೆಚ್ಚಿನವು 50, 55, 58 ಅಥವಾ 60 ವರ್ಷ ವಯಸ್ಸನ್ನು ಆಧಾರವಾಗಿ ಇಟ್ಟುಕೊಂಡು ರೂಪಿತವಾದವು. 46ನೇ ವಯಸ್ಸಿನಲ್ಲಿ ಕೆಲಸ ಬಿಟ್ಟವರು 58 ತಲುಪುವವರೆಗಿನ 12 ವರ್ಷಗಳನ್ನು ಈ ಯೋಜನೆಗಳ ನೆರವಿಲ್ಲದೆಯೇ ಬಹುಮಟ್ಟಿಗೆ ದಾಟಬೇಕಾಗುತ್ತದೆ.

ಎಷ್ಟು ಹಣ ಬೇಕಾಗುತ್ತದೆ

ವಾರ್ಷಿಕ ಖರ್ಚಿನ 25 ಪಟ್ಟು ಹಣವಿದ್ದರೆ ಜೀವನಪರ್ಯಂತ ಸಾಕಾಗುತ್ತದೆ ಎಂಬ ಲೆಕ್ಕ ವ್ಯಾಪಕವಾಗಿ ಪ್ರಚಾರದಲ್ಲಿದೆ. ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಪ್ರಕಟಿಸಿದ ಲೇಖನವೊಂದು ಇದರ ಮೂಲ. ಕೂಡಿಟ್ಟ ಹಣದಲ್ಲಿ ಮೊದಲ ವರ್ಷ ಶೇ. 4ರಷ್ಟನ್ನು ತೆಗೆದು, ಮುಂದೆ ಬೆಲೆ ಏರಿಕೆಗೆ ತಕ್ಕಂತೆ ಆ ಮೊತ್ತವನ್ನು ಹೆಚ್ಚಿಸುತ್ತಾ ಹೋದರೂ 30 ವರ್ಷಗಳ ಕಾಲ ಹಣ ಬತ್ತುವುದಿಲ್ಲ ಎಂದು ಅವರು ತೋರಿಸಿದರು. ಆದರೆ ಅವರು ಬಳಸಿದ್ದು 1926ರಿಂದೀಚಿನ ಅಮೆರಿಕದ ಷೇರು ಮತ್ತು ಸರ್ಕಾರಿ ಸಾಲಪತ್ರಗಳ ಅಂಕಿ ಅಂಶಗಳನ್ನು. ಅವರ ಲೆಕ್ಕವು ಆ ದೇಶದಲ್ಲಿ ಅರವತ್ತರ ಆಸುಪಾಸಿನಲ್ಲಿ ನಿವೃತ್ತರಾಗುವವರನ್ನು ಕುರಿತದ್ದಾಗಿತ್ತು. 46ರಲ್ಲಿ ಕೆಲಸ ಬಿಡುವವರಿಗೆ 30 ವರ್ಷ ಸಾಲದು. ನಮ್ಮ ಬೆಲೆ ಏರಿಕೆಯ ಗತಿಯೂ ಆ ದೇಶದ್ದಲ್ಲ. ಆದುದರಿಂದ ಈ ಸೂತ್ರವನ್ನು ಯಥಾವತ್ತಾಗಿ ಅನುಸರಿಸುವುದು ಸೂಕ್ತವಲ್ಲ.

ಒಂದು ಉದಾಹರಣೆಯನ್ನು ಗಮನಿಸಬಹುದು. ಪೀಣ್ಯ ಕೈಗಾರಿಕಾ ಪ್ರದೇಶದ ನೌಕರರೊಬ್ಬರ ಕುಟುಂಬದ ಮಾಸಿಕ ಖರ್ಚು ರೂ. 40,000/- ಎಂದಿಟ್ಟುಕೊಳ್ಳೋಣ. ವಾರ್ಷಿಕ ಖರ್ಚು ರೂ. 4,80,000/-. ಇದರ 25 ಪಟ್ಟು ಎಂದರೆ ರೂ. 1.20 ಕೋಟಿ. ತೆರಿಗೆ ಕಳೆದು ಕೈಗೆ ಬರುವ ಬಡ್ಡಿಯು ಬೆಲೆ ಏರಿಕೆಯನ್ನು ಸರಿದೂಗಿಸುವಷ್ಟು ಮಾತ್ರ ಇದ್ದಲ್ಲಿ, ಈ ಮೊತ್ತವು ಸರಿಯಾಗಿ 25 ವರ್ಷಗಳಿಗೆ ಸಾಕಾಗುತ್ತದೆ. ಅಂದರೆ 46ರಲ್ಲಿ ಕೆಲಸ ಬಿಟ್ಟವರ ಹಣ 71ನೇ ವಯಸ್ಸಿಗೆ ಮುಗಿಯುತ್ತದೆ. 85 ವರ್ಷದವರೆಗಿನ ಜೀವನಕ್ಕೆ ಇದೇ ಲೆಕ್ಕದಲ್ಲಿ ರೂ. 1.87 ಕೋಟಿಗೂ ಹೆಚ್ಚು ಬೇಕು. ಇದರಲ್ಲಿ ಮೊದಲ 12 ವರ್ಷಗಳ ಪಾಲೇ ರೂ. 57.60 ಲಕ್ಷ. ಮಕ್ಕಳ ಉನ್ನತ ವ್ಯಾಸಂಗ, ಮದುವೆ, ಗೃಹ ಸಾಲದ ಬಾಕಿ ಇವು ಯಾವುವೂ ಈ ಲೆಕ್ಕದಲ್ಲಿ ಸೇರಿಲ್ಲ. ಷೇರು ಅಥವಾ ಮ್ಯೂಚುವಲ್ ಫಂಡ್‌ಗಳಲ್ಲಿ ಹಣವಿದ್ದು ಬೆಲೆ ಏರಿಕೆಗಿಂತ ಹೆಚ್ಚಿನ ಪ್ರತಿಫಲ ಬಂದಲ್ಲಿ ಕಡಿಮೆ ಮೊತ್ತ ಸಾಕಾಗಬಹುದು. ಕೆಲಸ ಬಿಟ್ಟ ಮೊದಲ ಕೆಲವು ವರ್ಷಗಳಲ್ಲೇ ಮಾರುಕಟ್ಟೆ ಕುಸಿದಲ್ಲಿ ಹೆಚ್ಚಿನ ಮೊತ್ತವೂ ಸಾಲದಾಗಬಹುದು.

ಬೆಲೆ ಏರಿಕೆಯು ವರ್ಷಕ್ಕೆ ಶೇ. 6ರಷ್ಟಿದ್ದರೆ ಇಂದಿನ ರೂ. 40,000/- ಖರ್ಚು 12 ವರ್ಷಗಳಲ್ಲಿ ರೂ. 80,000/- ಆಗುತ್ತದೆ, 24 ವರ್ಷಗಳಲ್ಲಿ ರೂ. 1,60,000/- ದಾಟುತ್ತದೆ. ಸಂಬಳದಲ್ಲಿರುವವರಿಗೆ ತುಟ್ಟಿಭತ್ಯೆಯೋ ವಾರ್ಷಿಕ ಬಡ್ತಿಯೋ ಇದನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ. ಕೆಲಸ ಬಿಟ್ಟವರಿಗೆ ಅಂತಹ ಆಸರೆ ಇಲ್ಲ.

ಬಡ್ಡಿಯ ದರ ಇಂದಿರುವಂತೆ ಮುಂದೆಯೂ ಇರುತ್ತದೆ ಎಂಬ ನಂಬಿಕೆಯಿಂದ ಲೆಕ್ಕ ಹಾಕಿದವರು ಹಿಂದೆ ಬಹಳ ತೊಂದರೆಗೆ ಒಳಗಾಗಿದ್ದಾರೆ. ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿ.ಪಿ.ಎಫ್. ಖಾತೆಯ ಬಡ್ಡಿ 1986ರಿಂದ 2000ದ ಜನವರಿಯವರೆಗೆ ಶೇ. 12ರಷ್ಟಿತ್ತು. ಅದು 2000ದಲ್ಲಿ ಶೇ. 11ಕ್ಕೆ, 2001ರಲ್ಲಿ 9.5ಕ್ಕೆ, 2002ರಲ್ಲಿ 9ಕ್ಕೆ, 2003ರ ಮಾರ್ಚ್‌ನಲ್ಲಿ 8ಕ್ಕೆ ಇಳಿಯಿತು. ಸಾರ್ವಜನಿಕ ವಲಯದ ಬ್ಯಾಂಕುಗಳ ಸುಮಾರು 1 ಲಕ್ಷ ನೌಕರರು ಸ್ವಯಂ ನಿವೃತ್ತಿ ಪಡೆದು ಹೊರಬಂದದ್ದು ಇದೇ 2000-01ರ ಸಾಲಿನಲ್ಲಿ. ಕೈಗೆ ಬಂದ ಇಡಿಗಂಟು ಅಷ್ಟೇ ಇತ್ತು. ಬಡ್ಡಿ ಮಾತ್ರ ಮೂರು ವರ್ಷಗಳಿಗಿಂತ ತುಸು ಹೆಚ್ಚಿನ ಅವಧಿಯಲ್ಲಿ ಮೂರನೇ ಒಂದು ಭಾಗದಷ್ಟು ಇಳಿದಿತ್ತು. ಇದೇ ಖಾತೆಯ ಬಡ್ಡಿಯನ್ನು 2020ರ ಏಪ್ರಿಲ್‌ನಲ್ಲಿ ಶೇ. 7.1ಕ್ಕೆ ನಿಗದಿಪಡಿಸಲಾಯಿತು.

ರಾಜೀನಾಮೆಯೋ, ಸ್ವಯಂ ನಿವೃತ್ತಿಯೋ

ಕೆಲಸ ಬಿಡುವಾಗ ನೀಡುವ ಪತ್ರದಲ್ಲಿ ಏನೆಂದು ಬರೆಯಲಾಗಿದೆ ಎಂಬುದನ್ನು ನೌಕರರು ಅಷ್ಟಾಗಿ ಗಮನಿಸುವುದಿಲ್ಲ. ಆದರೆ ರಾಜೀನಾಮೆಗೂ, ಉದ್ಯಮವು ಅಧಿಕೃತವಾಗಿ ಪ್ರಕಟಿಸಿದ ಸ್ವಯಂ ನಿವೃತ್ತಿ ಯೋಜನೆಯಡಿ ನಿರ್ಗಮಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಭವಿಷ್ಯ ನಿಧಿಯ ಹಣ ಹಿಂಪಡೆಯುವಿಕೆ, ಆದಾಯ ತೆರಿಗೆ ವಿನಾಯಿತಿ, ಕಾರ್ಮಿಕ ರಾಜ್ಯ ವಿಮೆಯ ವೈದ್ಯಕೀಯ ಸೌಲಭ್ಯ ಈ ಮೂರರಲ್ಲಿಯೂ ನಿರ್ಗಮನದ ಸ್ವರೂಪವನ್ನು ಪರಿಗಣಿಸಲಾಗುತ್ತದೆ. ಉದ್ಯಮದಲ್ಲಿ ಸ್ವಯಂ ನಿವೃತ್ತಿ ಯೋಜನೆ ಜಾರಿಯಲ್ಲಿದ್ದೂ ಸಾಮಾನ್ಯ ರಾಜೀನಾಮೆ ಪತ್ರ ಕೊಟ್ಟು ಹೊರಬಂದವರಿಗೆ ಅದನ್ನು ನಂತರ ತಿದ್ದಿಸಿಕೊಳ್ಳುವುದು ಕಷ್ಟಸಾಧ್ಯ.

ಕೇಂದ್ರ ಸಾರ್ವಜನಿಕ ಉದ್ಯಮಗಳಲ್ಲಿ ಸ್ವಯಂ ನಿವೃತ್ತಿ ಯೋಜನೆಯು 1988ರಿಂದ ಬಳಕೆಯಲ್ಲಿದೆ. ಪರಿಹಾರದ ಲೆಕ್ಕಕ್ಕೆ ಎರಡು ಮಾದರಿಗಳು ಪ್ರಸಿದ್ಧವಾಗಿವೆ. ಗುಜರಾತ್ ಮಾದರಿ ಎಂದು ಕರೆಯಲಾಗುವ ಕ್ರಮದಲ್ಲಿ ಸಲ್ಲಿಸಿದ ಪ್ರತಿ ವರ್ಷದ ಸೇವೆಗೆ 35 ದಿನಗಳ ವೇತನ ಮತ್ತು ನಿವೃತ್ತಿಗೆ ಉಳಿದಿರುವ ಪ್ರತಿ ವರ್ಷಕ್ಕೆ 25 ದಿನಗಳ ವೇತನ ದೊರೆಯುತ್ತದೆ. ಇನ್ನೊಂದರಲ್ಲಿ ಸಲ್ಲಿಸಿದ ಪ್ರತಿ ವರ್ಷಕ್ಕೆ 45 ದಿನಗಳ ವೇತನ ಅಥವಾ ಉಳಿದ ಅವಧಿಯ ಒಟ್ಟು ವೇತನ, ಇವುಗಳಲ್ಲಿ ಯಾವುದು ಕಡಿಮೆಯೋ ಅದು. ವೇತನ ಪರಿಷ್ಕರಣೆ ಆಗದೆ ಉಳಿದ ಉದ್ಯಮಗಳಲ್ಲಿ ಯಾವ ವರ್ಷದ ವೇತನ ಶ್ರೇಣಿಯನ್ನು ಲೆಕ್ಕಕ್ಕೆ ಹಿಡಿಯಲಾಗುತ್ತದೆ ಎಂಬುದೇ ನಿರ್ಣಾಯಕ. ಬೆಂಗಳೂರು ಮತ್ತು ತುಮಕೂರಿನಲ್ಲಿ ಗಡಿಯಾರ ಕಾರ್ಖಾನೆಗಳನ್ನು ಹೊಂದಿದ್ದ ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು 2016ರ ಜನವರಿಯಲ್ಲಿ ತೀರ್ಮಾನಿಸಿದಾಗ, ನೌಕರರ ಪರಿಹಾರವನ್ನು 2007ರ ವೇತನ ಶ್ರೇಣಿಯ ಆಧಾರದ ಮೇಲೆ ನೀಡಲು ನಿರ್ಧರಿಸಲಾಯಿತು.

ಸ್ವಯಂ ನಿವೃತ್ತಿ ಪರಿಹಾರದಲ್ಲಿ ರೂ. 5 ಲಕ್ಷದವರೆಗಿನ ಮೊತ್ತಕ್ಕೆ ಆದಾಯ ತೆರಿಗೆ ವಿನಾಯಿತಿ ಇದೆ. ನೌಕರರು 10 ವರ್ಷ ಸೇವೆ ಪೂರೈಸಿರಬೇಕು ಅಥವಾ 40 ವರ್ಷ ವಯಸ್ಸು ತುಂಬಿರಬೇಕು. ಅದೇ ಆಡಳಿತಕ್ಕೆ ಸೇರಿದ ಇನ್ನೊಂದು ಕಂಪನಿಯಲ್ಲಿ ಕೆಲಸಕ್ಕೆ ಸೇರತಕ್ಕದ್ದಲ್ಲ. ಈ ವಿನಾಯಿತಿ ಜೀವಮಾನದಲ್ಲಿ ಒಮ್ಮೆ ಮಾತ್ರ.

ಉಪದಾನ

ಗ್ರಾಚ್ಯುಟಿ ಎಂದು ರೂಢಿಯಲ್ಲಿರುವ ಉಪದಾನಕ್ಕೆ ವಯಸ್ಸಿನ ನಿರ್ಬಂಧವಿಲ್ಲ. ಐದು ವರ್ಷ ನಿರಂತರ ಸೇವೆ ಪೂರೈಸಿದ ಕಾಯಂ ನೌಕರರು ರಾಜೀನಾಮೆ ನೀಡಿದರೂ ಇದಕ್ಕೆ ಅರ್ಹರು. ಕೊನೆಯ ಮಾಸಿಕ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದ ಮೊತ್ತವನ್ನು ಸೇವಾ ವರ್ಷಗಳಿಂದ ಗುಣಿಸಲಾಗುತ್ತದೆ. ಕೊನೆಯ ವೇತನ ರೂ. 26,000/- ಮತ್ತು ಸೇವೆ 22 ವರ್ಷ ಇದ್ದಲ್ಲಿ ಉಪದಾನ ರೂ. 3,30,000/-. ಗರಿಷ್ಠ ಮಿತಿಯನ್ನು 2018ರ ಮಾರ್ಚ್‌ನಲ್ಲಿ ರೂ. 20 ಲಕ್ಷಕ್ಕೆ ಏರಿಸಲಾಯಿತು. 1972ರ ಉಪದಾನ ಪಾವತಿ ಕಾಯ್ದೆಯ ವಿಷಯಗಳು ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿ ಸೇರಿದ್ದು, ಸದರಿ ಸಂಹಿತೆಯು ದಿನಾಂಕ 21-11-2025ರಿಂದ ಜಾರಿಗೆ ಬಂದಿದೆ. ಕರ್ನಾಟಕದಲ್ಲಿ ಮಾಲೀಕರು ತಮ್ಮ ನೌಕರರ ಉಪದಾನಕ್ಕೆ ಕಡ್ಡಾಯವಾಗಿ ವಿಮೆ ಮಾಡಿಸಬೇಕೆಂದು 2024ರ ಜನವರಿಯಲ್ಲಿ ನಿಯಮಗಳನ್ನು ಹೊರಡಿಸಲಾಗಿದೆ. ಸಂಕಷ್ಟದಲ್ಲಿರುವ ಕಾರ್ಖಾನೆಯನ್ನು ಬಿಡುವವರು ವಿಮೆ ಆಗಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಭವಿಷ್ಯ ನಿಧಿ

ನೌಕರರ ಭವಿಷ್ಯ ನಿಧಿಯ ಹಣ ಪೂರ್ಣವಾಗಿ ಹಿಂಪಡೆಯಲು ಸಾಮಾನ್ಯ ವಯಸ್ಸು 55. ಉದ್ಯಮದ ಸ್ವಯಂ ನಿವೃತ್ತಿ ಯೋಜನೆಯಡಿ ಹೊರಬಂದವರು ಕಾಯದೆಯೇ ಹಿಂಪಡೆಯಬಹುದು. ರಾಜೀನಾಮೆ ಕೊಟ್ಟವರು ನಿರುದ್ಯೋಗಿಯಾಗಿ ನಿಗದಿತ ಕಾಲ ಕಳೆದ ನಂತರ ಅರ್ಜಿ ಸಲ್ಲಿಸಬೇಕು. ಈ ಕಾಲಾವಧಿಯು ದೀರ್ಘಕಾಲ 2 ತಿಂಗಳಾಗಿತ್ತು. ಭವಿಷ್ಯ ನಿಧಿಯ ಕೇಂದ್ರೀಯ ಮಂಡಳಿಯು ದಿನಾಂಕ 13-10-2025ರ ಸಭೆಯಲ್ಲಿ ಇದನ್ನು 12 ತಿಂಗಳಿಗೆ ಹೆಚ್ಚಿಸಲು ತೀರ್ಮಾನಿಸಿತು, ಶೇ. 75ರಷ್ಟನ್ನು ಕೆಲಸ ಹೋದ ಕೂಡಲೇ ಪಡೆಯಬಹುದೆಂದೂ, ಉಳಿದ ಶೇ. 25ರಷ್ಟಕ್ಕೆ ಮಾತ್ರ ಈ ಕಾಯುವಿಕೆ ಎಂದೂ ಕೇಂದ್ರ ಸರ್ಕಾರ ಸ್ಪಷ್ಟಪಡಿಸಿತು. ಅರ್ಜಿದಾರರು ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ನಿಯಮವನ್ನು ಪ್ರಾದೇಶಿಕ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

ಹಣವನ್ನು ತೆಗೆಯಲೇಬೇಕೆಂಬ ನಿಯಮವೇನೂ ಇಲ್ಲ. ಕೆಲಸ ಬಿಟ್ಟ ಮೇಲೆ ವಂತಿಗೆ ನಿಂತರೂ ಖಾತೆಗೆ 58 ವರ್ಷದವರೆಗೆ ಬಡ್ಡಿ ಜಮೆಯಾಗುತ್ತದೆ. 2024-25ನೇ ಸಾಲಿಗೆ ಈ ದರ ಶೇ. 8.25. ಆದರೆ ಕೆಲಸ ಬಿಟ್ಟ ನಂತರ ಜಮೆಯಾಗುವ ಬಡ್ಡಿಗೆ ತೆರಿಗೆ ವಿನಾಯಿತಿ ಇಲ್ಲ. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯು 2017ರಲ್ಲಿ ನಿವೃತ್ತ ನೌಕರರೊಬ್ಬರ ಪ್ರಕರಣದಲ್ಲಿ ಹೀಗೆಂದು ತೀರ್ಪು ನೀಡಿದೆ. ಆ ಬಡ್ಡಿಯನ್ನು ಪ್ರತಿ ವರ್ಷದ ಆದಾಯ ವಿವರದಲ್ಲಿ ತೋರಿಸದೆ ಬಿಟ್ಟು, ಹಲವು ವರ್ಷಗಳ ನಂತರ ನೋಟಿಸು ಬಂದಾಗ ಗಾಬರಿಗೊಳ್ಳುವ ಪ್ರಸಂಗವನ್ನು ತಪ್ಪಿಸಬಹುದು. ಒಟ್ಟು ಸೇವೆ 5 ವರ್ಷಕ್ಕಿಂತ ಕಡಿಮೆ ಇದ್ದು ಹಣ ತೆಗೆದಲ್ಲಿ ಆ ಮೊತ್ತಕ್ಕೂ ತೆರಿಗೆ ಅನ್ವಯವಾಗುತ್ತದೆ.

ನೌಕರರ ಪಿಂಚಣಿ ಯೋಜನೆ

ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಈ ಯೋಜನೆಯ ಬಗ್ಗೆ. ದಿನಾಂಕ 16-11-1995ರಿಂದ ಜಾರಿಯಲ್ಲಿರುವ ಈ ಯೋಜನೆಗೆ ಮಾಲೀಕರ ಶೇ. 12ರ ವಂತಿಗೆಯಿಂದ ಶೇ. 8.33ರಷ್ಟು ಭಾಗ ಹೋಗುತ್ತದೆ. ಇದಕ್ಕೆ ಲೆಕ್ಕ ಹಿಡಿಯುವ ವೇತನಕ್ಕೆ ಮಿತಿಯಿದೆ. 2014ರ ಆಗಸ್ಟ್ ಅಂತ್ಯದವರೆಗೆ ಮಿತಿ ರೂ. 6,500/- ಇದ್ದು, ದಿನಾಂಕ 1-9-2014ರಿಂದ ರೂ. 15,000/- ಆಗಿದೆ. ಆ ದಿನಾಂಕದ ನಂತರ ಮೊದಲ ಬಾರಿಗೆ ಕೆಲಸಕ್ಕೆ ಸೇರಿದ, ರೂ. 15,000/- ಮೀರಿದ ವೇತನವುಳ್ಳವರು ಈ ಪಿಂಚಣಿ ಯೋಜನೆಯ ಸದಸ್ಯರೇ ಅಲ್ಲ. ಮಾಹಿತಿ ತಂತ್ರಜ್ಞಾನ ಕಂಪನಿಗಳ ಅನೇಕ ಯುವ ನೌಕರರು ಈ ವರ್ಗಕ್ಕೆ ಸೇರುತ್ತಾರೆ, ಪಿ.ಎಫ್. ಖಾತೆ ಇದೆ ಎಂದ ಮಾತ್ರಕ್ಕೆ ಪಿಂಚಣಿಯೂ ಇದೆ ಎಂದು ಅವರು ಭಾವಿಸಬಾರದು.

ಪಿಂಚಣಿಗೆ ಕನಿಷ್ಠ 10 ವರ್ಷಗಳ ಸೇವೆ ಬೇಕು. ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಮಾಸಿಕ ಪಿಂಚಣಿ ದೊರೆಯುತ್ತದೆ. 2014ಕ್ಕೆ ಮುಂಚಿನ ಸೇವೆಯನ್ನು ಹಳೆಯ ಮಿತಿಯಂತೆಯೂ ನಂತರದ ಸೇವೆಯನ್ನು ಹೊಸ ಮಿತಿಯಂತೆಯೂ ಪ್ರತ್ಯೇಕವಾಗಿ ಲೆಕ್ಕ ಹಾಕಲಾಗುತ್ತದೆ. ಮೇಲ್ಕಂಡ ಪೀಣ್ಯದ ನೌಕರರು 1999ರ ಸೆಪ್ಟೆಂಬರ್‌ನಲ್ಲಿ ತಮ್ಮ 21ನೇ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿ, 2024ರ ಆಗಸ್ಟ್‌ನಲ್ಲಿ 46ನೇ ವಯಸ್ಸಿನಲ್ಲಿ ಬಿಟ್ಟರೆಂದು ಭಾವಿಸೋಣ. ಮಿತಿಯೊಳಗಿನ ವೇತನಕ್ಕೇ ವಂತಿಗೆ ಕಟ್ಟಿದ್ದಲ್ಲಿ, ಮೊದಲ 15 ವರ್ಷಗಳ ಲೆಕ್ಕ ಸುಮಾರು ರೂ. 1,393/-, ನಂತರದ 10 ವರ್ಷಗಳದ್ದು ಸುಮಾರು ರೂ. 2,143/-. ಒಟ್ಟು ತಿಂಗಳಿಗೆ ಸುಮಾರು ರೂ. 3,536/-. ಇದು ದೊರೆಯುವುದು 58 ತುಂಬಿದಾಗ, ಅಂದರೆ 2036ರಲ್ಲಿ. ಬೆಲೆ ಏರಿಕೆ ಶೇ. 6ರಂತೆ ಇದ್ದರೆ ಅಂದಿನ ಮನೆಖರ್ಚು ರೂ. 80,000/- ಆಗಿರುತ್ತದೆ. ಇಪ್ಪತ್ತೈದು ವರ್ಷಗಳ ಸೇವೆಯ ಪಿಂಚಣಿಯು ಅದರ ಇಪ್ಪತ್ತನೇ ಒಂದು ಭಾಗವನ್ನೂ ಭರಿಸುವುದಿಲ್ಲ. ಈ ಪಿಂಚಣಿಗೆ ತುಟ್ಟಿಭತ್ಯೆಯೂ ಇಲ್ಲ.

50 ವರ್ಷ ತುಂಬಿದ ನಂತರ ಅವಧಿಪೂರ್ವ ಪಿಂಚಣಿಗೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಆದರೆ 58ಕ್ಕೆ ಕಡಿಮೆಯಿರುವ ಪ್ರತಿ ವರ್ಷಕ್ಕೆ ಶೇ. 4ರಂತೆ ಕಡಿತ ಮಾಡಲಾಗುತ್ತದೆ, ಮತ್ತು ಈ ಕಡಿತ ಶಾಶ್ವತ. 50ರಲ್ಲೇ ಪಡೆದರೆ ನಾಲ್ಕನೇ ಒಂದು ಭಾಗಕ್ಕೂ ಹೆಚ್ಚು ಹೋಗುತ್ತದೆ. ಮೇಲಿನ ಉದಾಹರಣೆಯ ನೌಕರರಿಗೆ ಉಳಿಯುವುದು ರೂ. 2,600/-ಕ್ಕೂ ಕಡಿಮೆ. ವ್ಯತಿರಿಕ್ತವಾಗಿ, 58ರಲ್ಲಿ ಪಡೆಯದೆ 60ರವರೆಗೆ ಮುಂದೂಡಿದವರಿಗೆ ವರ್ಷಕ್ಕೆ ಶೇ. 4ರಷ್ಟು ಹೆಚ್ಚಳ ದೊರೆಯುತ್ತದೆ. ತುರ್ತು ಅಗತ್ಯವಿಲ್ಲದವರು 50ರಲ್ಲಿ ಅರ್ಜಿ ಹಾಕದಿರುವುದೇ ಲೇಸು.

58ಕ್ಕೆ ಮುಂಚೆ ಕೆಲಸ ಬಿಡುವವರು ಮರೆಯದೆ ಪಡೆಯಬೇಕಾದ ದಾಖಲೆ ಯೋಜನಾ ಪ್ರಮಾಣಪತ್ರ. ನಮೂನೆ 10-ಸಿ ಮೂಲಕ ಅರ್ಜಿ ಸಲ್ಲಿಸಿದಲ್ಲಿ ಇದನ್ನು ನೀಡಲಾಗುತ್ತದೆ. ಸೇವೆಯ ಅವಧಿ ಹಾಗೂ ಕುಟುಂಬದ ಸದಸ್ಯರ ವಿವರ ಇದರಲ್ಲಿ ದಾಖಲಾಗುತ್ತದೆ. ಪ್ರಮಾಣಪತ್ರ ಪಡೆದವರು 58 ತುಂಬುವ ಮೊದಲೇ ಮೃತಪಟ್ಟಲ್ಲಿ ಪತ್ನಿ ಅಥವಾ ಪತಿ ಹಾಗೂ ಮಕ್ಕಳಿಗೆ ಕುಟುಂಬ ಪಿಂಚಣಿ ದೊರೆಯುತ್ತದೆ. ಸೇವೆ 10 ವರ್ಷಕ್ಕಿಂತ ಕಡಿಮೆ ಇದ್ದವರು ಪಿಂಚಣಿ ಭಾಗವನ್ನು ನಗದಾಗಿ ಹಿಂಪಡೆಯಬಹುದು. ಆದರೆ ಹಾಗೆ ಪಡೆದ ಸೇವೆ ಮುಂದೆ ಲೆಕ್ಕಕ್ಕೆ ಬರುವುದಿಲ್ಲ. ಎರಡು ಮೂರು ಕಡೆ ನಾಲ್ಕಾರು ವರ್ಷ ದುಡಿದು, ಪ್ರತಿ ಬಾರಿಯೂ ಹಣ ತೆಗೆದುಕೊಂಡವರು ಒಟ್ಟು ಹದಿನೈದು ವರ್ಷ ದುಡಿದಿದ್ದರೂ ಪಿಂಚಣಿಗೆ ಅನರ್ಹರಾಗಿ ಉಳಿಯುವುದು ಇದರಿಂದಲೇ. ಈ ನಗದು ಹಿಂಪಡೆಯುವಿಕೆಗೆ ಕಾಯಬೇಕಾದ ಅವಧಿಯನ್ನು 2 ತಿಂಗಳಿಂದ 36 ತಿಂಗಳಿಗೆ ಏರಿಸಲು ಮೇಲೆ ಹೇಳಿದ 2025ರ ಅಕ್ಟೋಬರ್ ಸಭೆಯಲ್ಲಿಯೇ ತೀರ್ಮಾನಿಸಲಾಯಿತು.

ಇತರ ಉಳಿತಾಯ ಯೋಜನೆಗಳು

ನೌಕರರ ವಯಸ್ಸನ್ನು ನೋಡದೆ, ಖಾತೆಯ ವಯಸ್ಸನ್ನು ಮಾತ್ರ ನೋಡುವ ಯೋಜನೆ ಪಿ.ಪಿ.ಎಫ್. ವರ್ಷಕ್ಕೆ ಕನಿಷ್ಠ ರೂ. 500/-, ಗರಿಷ್ಠ ರೂ. 1.50 ಲಕ್ಷ ಕಟ್ಟಬಹುದಾಗಿದ್ದು, 15 ಆರ್ಥಿಕ ವರ್ಷಗಳು ಪೂರ್ಣಗೊಂಡಾಗ ಖಾತೆ ಪಕ್ವವಾಗುತ್ತದೆ. 30ನೇ ವಯಸ್ಸಿನಲ್ಲಿ ತೆರೆದ ಖಾತೆ 46ರ ಹೊತ್ತಿಗೆ ಕೈಗೆ ಬರುತ್ತದೆ. ನಂತರ ಹಣ ಕಟ್ಟದೆಯೇ ಖಾತೆಯನ್ನು ಮುಂದುವರಿಸಿ, ವರ್ಷಕ್ಕೊಮ್ಮೆ ಬೇಕಾದಷ್ಟು ತೆಗೆಯಬಹುದು. ಉಳಿದ ಹಣಕ್ಕೆ ಬಡ್ಡಿ ಬರುತ್ತಲೇ ಇರುತ್ತದೆ, ಬಡ್ಡಿಗೆ ತೆರಿಗೆಯೂ ಇಲ್ಲ. ಕೆಲಸ ಬಿಟ್ಟ ದಿನದಿಂದ 58ರವರೆಗಿನ ಅಂತರಕ್ಕೆ ಇಷ್ಟು ಚೆನ್ನಾಗಿ ಹೊಂದುವ ಸರ್ಕಾರಿ ಉಳಿತಾಯ ಯೋಜನೆ ಬೇರೊಂದಿಲ್ಲ. ಬೇಗ ನಿವೃತ್ತಿ ಹೊಂದುವ ಯೋಚನೆಯಿದ್ದವರು ಈ ಖಾತೆಯನ್ನು ಮೂವತ್ತರ ಆಸುಪಾಸಿನಲ್ಲೇ ತೆರೆದಿರಬೇಕು. 40ರಲ್ಲಿ ತೆರೆದರೆ ಅದೂ 55 ದಾಟುತ್ತದೆ.

2004ರಲ್ಲಿ ಆರಂಭವಾದ ಹಿರಿಯ ನಾಗರಿಕರ ಉಳಿತಾಯ ಯೋಜನೆಯು ನಿವೃತ್ತರಲ್ಲಿ ಜನಪ್ರಿಯ. 2023ರ ಏಪ್ರಿಲ್‌ನಲ್ಲಿ ಠೇವಣಿಯ ಮಿತಿಯನ್ನು ರೂ. 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಿ, ಬಡ್ಡಿಯನ್ನು ಶೇ. 8.2 ಎಂದು ನಿಗದಿಪಡಿಸಲಾಯಿತು. ಆದರೆ ಇದು 60 ತುಂಬಿದವರಿಗಾಗಿ ಇರುವ ಯೋಜನೆ. 55ರಿಂದ 60ರೊಳಗಿನ ನಿವೃತ್ತರು ನಿವೃತ್ತಿ ಸೌಲಭ್ಯದ ಹಣ ಬಂದ 3 ತಿಂಗಳೊಳಗೆ, ಆ ಹಣದ ಮಿತಿಯಲ್ಲಿ ಖಾತೆ ತೆರೆಯಬಹುದು. 50ರಲ್ಲಿ ಕೆಲಸ ಬಿಟ್ಟವರು 60 ಆಗುವವರೆಗೂ ಕಾಯಬೇಕು. 54 ದಾಟಿದವರು ಕೆಲವು ತಿಂಗಳು ತಡೆದು 55 ತುಂಬಿದ ಮೇಲೆ ನಿವೃತ್ತಿ ಪಡೆಯುವುದರಿಂದ ಈ ಸೌಲಭ್ಯ ಕೈತಪ್ಪದು.

ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯನ್ನು ಎಲ್ಲ ನಾಗರಿಕರಿಗೂ ದಿನಾಂಕ 1-5-2009ರಿಂದ ತೆರೆಯಲಾಗಿದೆ. 60ರಲ್ಲಿ ನಿರ್ಗಮಿಸುವ ಖಾಸಗಿ ಚಂದಾದಾರರು ಕನಿಷ್ಠ ಶೇ. 40ರಷ್ಟು ಹಣವನ್ನು ವರ್ಷಾಶನದಲ್ಲಿ ತೊಡಗಿಸಬೇಕೆಂದಿದ್ದ ನಿಯಮವನ್ನು 2025ರ ಡಿಸೆಂಬರ್‌ನಲ್ಲಿ ಸಡಿಲಿಸಿ ಶೇ. 20ಕ್ಕೆ ಇಳಿಸಲಾಯಿತು. ಅವಧಿಗೆ ಮುನ್ನ ಹೊರಬರುವವರಿಗೆ ವರ್ಷಾಶನದ ಪಾಲು ಹೆಚ್ಚು. ಆದುದರಿಂದ ಇದನ್ನು ವೃದ್ಧಾಪ್ಯದ ಹಣವೆಂದೇ ಭಾವಿಸಿ, ಮಧ್ಯದ ವರ್ಷಗಳ ಖರ್ಚಿಗೆ ಲೆಕ್ಕ ಹಿಡಿಯದಿರುವುದು ಕ್ಷೇಮ.

ಕೆಲಸ ಬಿಟ್ಟು ಊರಿಗೆ ಹಿಂದಿರುಗಿ ಜಮೀನು ಕೊಂಡು ವ್ಯವಸಾಯ ಮಾಡುವ ಆಲೋಚನೆಯುಳ್ಳವರೂ ಬಹಳ. ಕೃಷಿಕರಲ್ಲದವರು ಕೃಷಿ ಭೂಮಿ ಖರೀದಿಸುವುದಕ್ಕೆ ಕರ್ನಾಟಕ ಭೂಸುಧಾರಣಾ ಕಾಯ್ದೆಯಲ್ಲಿದ್ದ ನಿರ್ಬಂಧವನ್ನು 2020ರಲ್ಲಿ ತೆಗೆಯಲಾಗಿದೆ. ಆದರೆ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಜಮೀನಿನ ಪರಭಾರೆಗೆ 1978ರ ಕಾಯ್ದೆಯ ನಿಷೇಧ ಮುಂದುವರಿದಿದೆ. ನಿವೃತ್ತಿಯ ಇಡಿಗಂಟನ್ನು ಜಮೀನಿಗೆ ಹಾಕುವ ಮೊದಲು ಪಹಣಿಯನ್ನಷ್ಟೇ ಅಲ್ಲದೆ ಮೂಲ ಮಂಜೂರಾತಿ ದಾಖಲೆಯನ್ನೂ ಪರಿಶೀಲಿಸತಕ್ಕದ್ದು.

ವೈದ್ಯಕೀಯ ರಕ್ಷಣೆ

ಕಂಪನಿಯ ಗುಂಪು ವಿಮೆಯು ಕೆಲಸದ ಕೊನೆಯ ದಿನದೊಂದಿಗೆ ಸಾಮಾನ್ಯವಾಗಿ ಮುಗಿಯುತ್ತದೆ. ಮಧುಮೇಹ ಅಥವಾ ರಕ್ತದೊತ್ತಡ ಇರುವವರು ಆ ನಂತರ ಹೊಸದಾಗಿ ವೈಯಕ್ತಿಕ ವಿಮೆ ಮಾಡಿಸಿದಲ್ಲಿ, ಮೊದಲೇ ಇದ್ದ ಕಾಯಿಲೆಗಳಿಗೆ 36 ತಿಂಗಳವರೆಗೆ ಪರಿಹಾರ ದೊರೆಯದಿರಬಹುದು. ಈ ಗರಿಷ್ಠ ಅವಧಿಯು 2024ರವರೆಗೆ 48 ತಿಂಗಳಿತ್ತು. ಕೆಲಸದಲ್ಲಿದ್ದಾಗಲೇ ವೈಯಕ್ತಿಕ ವಿಮೆಯನ್ನು ಪ್ರತ್ಯೇಕವಾಗಿ ಮಾಡಿಸಿ ಈ ಅವಧಿಯನ್ನು ಕಳೆದುಕೊಳ್ಳುವುದು ಉತ್ತಮ. ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ಅವಕಾಶವೂ ಇದ್ದು, ಗುಂಪು ವಿಮೆ ಮುಗಿಯುವ ಮೊದಲೇ ಕೋರಿಕೆ ಸಲ್ಲಿಸುವುದು ಸುರಕ್ಷಿತ. ವೈಯಕ್ತಿಕ ಆರೋಗ್ಯ ವಿಮೆಯ ಕಂತಿಗೆ ಇದ್ದ ಸರಕು ಮತ್ತು ಸೇವಾ ತೆರಿಗೆಯನ್ನು ದಿನಾಂಕ 22-9-2025ರಿಂದ ತೆಗೆಯಲಾಗಿದೆ.

ಕಾರ್ಮಿಕ ರಾಜ್ಯ ವಿಮೆಯಡಿ ಬರುವ, ಅಂದರೆ 2017ರಲ್ಲಿ ನಿಗದಿಯಾದಂತೆ ರೂ. 21,000/- ವರೆಗಿನ ವೇತನದ ನೌಕರರಿಗೆ ಒಂದು ಅನುಕೂಲವಿದ್ದು, ಅದು ಅನೇಕರಿಗೆ ತಿಳಿದಿಲ್ಲ. ಕನಿಷ್ಠ 5 ವರ್ಷ ವಿಮಾದಾರರಾಗಿದ್ದು, ವಯೋನಿವೃತ್ತಿ ಅಥವಾ ಸ್ವಯಂ ನಿವೃತ್ತಿ ಯೋಜನೆಯಡಿ ಅಥವಾ ಅವಧಿಪೂರ್ವ ನಿವೃತ್ತಿಯಿಂದ ಕೆಲಸ ಬಿಟ್ಟವರು ವರ್ಷಕ್ಕೆ ರೂ. 120/- ಪಾವತಿಸಿ ತಮಗೂ ತಮ್ಮ ಪತ್ನಿ ಅಥವಾ ಪತಿಗೂ ವೈದ್ಯಕೀಯ ಸೌಲಭ್ಯವನ್ನು ಮುಂದುವರಿಸಿಕೊಳ್ಳಬಹುದು. ರಾಜಾಜಿನಗರ, ಪೀಣ್ಯ ಮೊದಲಾದೆಡೆಯ ಇ.ಎಸ್.ಐ. ಆಸ್ಪತ್ರೆಗಳ ಸೇವೆ ಇದರಿಂದ ಲಭ್ಯ. ಮಕ್ಕಳಿಗೆ ಇದು ಅನ್ವಯಿಸುವುದಿಲ್ಲ. ಬಿಡುಗಡೆ ಪತ್ರದಲ್ಲಿ ನಿವೃತ್ತಿ ಎಂಬ ಉಲ್ಲೇಖವಿರುವಂತೆ ನೋಡಿಕೊಳ್ಳಬೇಕು.

ಅರ್ಜಿ ಸಲ್ಲಿಸುವ ಮುನ್ನ

ಭವಿಷ್ಯ ನಿಧಿ ಅರ್ಜಿಗಳು ತಿರಸ್ಕೃತವಾಗಲು ಸಾಮಾನ್ಯ ಕಾರಣ ಹೆಸರು ಮತ್ತು ಜನ್ಮದಿನಾಂಕದ ವ್ಯತ್ಯಾಸ. ನಮ್ಮ ರಾಜ್ಯದಲ್ಲಿ ಹೆಸರಿನ ಮುಂದೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಬರೆಯುವ ರೂಢಿಯಿದ್ದು, ಆಧಾರ್‌ನಲ್ಲಿ ಅವು ವಿಸ್ತರಿಸಿದ ರೂಪದಲ್ಲಿಯೂ ಕಾರ್ಖಾನೆಯ ದಾಖಲೆಯಲ್ಲಿ ಅಕ್ಷರಗಳಾಗಿಯೂ ಇರುವುದುಂಟು. ಇದನ್ನು ಮಾಲೀಕರೊಂದಿಗೆ ಜಂಟಿ ಘೋಷಣೆ ಸಲ್ಲಿಸಿ, ಕೆಲಸದಲ್ಲಿರುವಾಗಲೇ ಸರಿಪಡಿಸಿಕೊಳ್ಳಬೇಕು. ಕಾರ್ಖಾನೆ ಮುಚ್ಚಿದ ಮೇಲೆ ಸಹಿ ಹಾಕುವವರನ್ನು ಹುಡುಕುವುದು ಸುಲಭವಲ್ಲ. ಹಿಂದಿನ ಎಲ್ಲ ಉದ್ಯೋಗಗಳ ಖಾತೆಗಳನ್ನು ಒಂದೇ ಸಾರ್ವತ್ರಿಕ ಖಾತೆ ಸಂಖ್ಯೆಗೆ ವರ್ಗಾಯಿಸಿರುವುದನ್ನೂ, ನಾಮನಿರ್ದೇಶನವನ್ನೂ ಪರಿಶೀಲಿಸಿಕೊಳ್ಳತಕ್ಕದ್ದು. ಕೆಲಸ ಬಿಟ್ಟ ದಿನಾಂಕವನ್ನು ಮಾಲೀಕರು ನಮೂದಿಸದಿದ್ದಲ್ಲಿ, ಕೊನೆಯ ವಂತಿಗೆಯಿಂದ 2 ತಿಂಗಳು ಕಳೆದ ಬಳಿಕ ಸದಸ್ಯರೇ ಆನ್‌ಲೈನ್ ಮೂಲಕ ನಮೂದಿಸಲು 2020ರಿಂದ ಅವಕಾಶವಿದೆ.

ಭವಿಷ್ಯ ನಿಧಿಯ ಅಂತಿಮ ಪಾವತಿಗೆ ನಮೂನೆ 19, ಯೋಜನಾ ಪ್ರಮಾಣಪತ್ರಕ್ಕೆ ನಮೂನೆ 10-ಸಿ, ಮಾಸಿಕ ಪಿಂಚಣಿಗೆ ನಮೂನೆ 10-ಡಿ ಬಳಕೆಯಲ್ಲಿವೆ. ನಮೂನೆ 19 ಭರ್ತಿ ಮಾಡುವಾಗ ನಮೂನೆ 10-ಸಿ ಯಲ್ಲಿ ಹಣ ಹಿಂಪಡೆಯುವ ಆಯ್ಕೆಯನ್ನು ಅರಿಯದೆ ಗುರುತಿಸುವುದು ಸಾಮಾನ್ಯ ತಪ್ಪು. ಪಿಂಚಣಿ ಸೇವೆಯನ್ನು ಉಳಿಸಿಕೊಳ್ಳಬೇಕಾದವರು ಪ್ರಮಾಣಪತ್ರದ ಆಯ್ಕೆಯನ್ನೇ ಗುರುತಿಸಬೇಕು. ಉಪದಾನವನ್ನು ಮಾಲೀಕರು 30 ದಿನಗಳೊಳಗೆ ಪಾವತಿಸತಕ್ಕದ್ದು. ತಡವಾದಲ್ಲಿ ಬಡ್ಡಿ ಸಹಿತ ಪಾವತಿಸುವ ಹೊಣೆ ಅವರದು. ಪಾವತಿಯಾಗದಿದ್ದಲ್ಲಿ ನೇಮಕಾತಿ ಪತ್ರ, ಕೊನೆಯ ವೇತನ ಚೀಟಿ, ಬಿಡುಗಡೆ ಪತ್ರ ಹಾಗೂ ಮಾಲೀಕರಿಗೆ ಸಲ್ಲಿಸಿದ ಅರ್ಜಿಯ ಪ್ರತಿಯೊಂದಿಗೆ ಕಾರ್ಮಿಕ ಇಲಾಖೆಯ ಸಕ್ಷಮ ಪ್ರಾಧಿಕಾರಿಯವರನ್ನು ಸಂಪರ್ಕಿಸಬಹುದು. ಮಾಲೀಕರಿಗೆ ಕೊಟ್ಟ ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಮತ್ತು ದಿನಾಂಕ ಇರತಕ್ಕದ್ದು. ಮುದ್ರೆ ಹಾಕಲು ನಿರಾಕರಿಸಿದಲ್ಲಿ ಅರ್ಜಿಯನ್ನು ಸ್ವೀಕೃತಿ ದೊರೆಯುವಂತೆ ಅಂಚೆಯಲ್ಲಿ ಕಳುಹಿಸಿ ರಸೀದಿಯನ್ನು ಕಾಯ್ದಿಟ್ಟುಕೊಳ್ಳುವುದು.